ಹಿತ್ತಿಲ ಮನೆ ಮತ್ತು ಪರಿಗ್ರಹ ಪರಿಮಾಣ

ಗೃಹಸ್ಥನಿಗೆ ಗೃಹವೇ ಮೊದಲನೆಯ ಪರಿಗ್ರಹ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ಬೆಳ್ಳಿ-ಬಂಗಾರಗಳಿಗಿಂತಲೂ, ಧನ-ಧಾನ್ಯಗಳಿಗಿಂತಲೂ ಮೊದಲು ಕ್ಷೇತ್ರ ಮತ್ತು ವಾಸ್ತುಗಳನ್ನು, ಅಂದರೆ ಹೊಲವನ್ನೂ ಮನೆಯನ್ನೂ ಹೆಸರಿಸಿದ್ದಾರೆ. ಚಿನ್ನವನ್ನು ಪೆಟ್ಟಿಗೆಯಲ್ಲಿಟ್ಟರೆ ಅದು ಯಾರ ಕಣ್ಣಿಗೂ ಬೀಳದೆ ಇರಬಹುದು. ಮನೆಯಾದರೋ ಎದ್ದು ನಿಲ್ಲುತ್ತದೆ; ಅದರ ನೆರಳು ಬೇರೊಬ್ಬರ ನೆಲದ ಮೇಲೆ ಬೀಳುತ್ತದೆ, ಅದರ ನೀರು ಬೇರೊಬ್ಬರ ಅಂಗಳಕ್ಕೆ ಹರಿಯುತ್ತದೆ. ಆದುದರಿಂದ ಮನೆಯ ವಿಷಯದಲ್ಲಿ ಮಿತಿಯೆಂಬುದು ಕೇವಲ ಒಡೆಯನ ಆತ್ಮಹಿತದ ಪ್ರಶ್ನೆಯಾಗಿ ಉಳಿಯದೆ ನೆರೆಯವರ ಪ್ರಶ್ನೆಯೂ ಆಗುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಯಾವ ಓಣಿಯಲ್ಲಿ ನಡೆದರೂ ಇಂದು ಒಂದು ನೋಟ ಕಾಣಸಿಗುತ್ತದೆ. ಎದುರಿಗೆ ಹಳೆಯ ಹಂಚಿನ ಮನೆ; ಹಿಂದೆ, ಒಂದಾನೊಂದು ಕಾಲದಲ್ಲಿ ಕೊಟ್ಟಿಗೆ, ಬಚ್ಚಲು, ಕರಿಬೇವು, ನಾಲ್ಕು ಬಾಳೆ ಇದ್ದ ಹಿತ್ತಿಲಿನಲ್ಲಿ, ಹೊಸದೊಂದು ಸಿಮೆಂಟಿನ ಮನೆ. ಪಕ್ಕದ ಕಿರುದಾರಿಯಿಂದ ಅದಕ್ಕೆ ಬೇರೆ ಪ್ರವೇಶ, ಬೇರೆ ಕರೆಂಟ್ ಮೀಟರು, ಬೇರೆ ಅಡುಗೆಮನೆ. ಕೆಲವರು ಬೇರೆ ಒಲೆ ಹೂಡಿದ ಮಗನಿಗಾಗಿ ಕಟ್ಟಿಸಿದರು, ಕೆಲವರು ಬಾಡಿಗೆಗಾಗಿ. ಅದನ್ನು ಕಟ್ಟುವ ಹಕ್ಕು ಒಡೆಯನಿಗೆ ಉಂಟೇ ಎಂಬುದು ಕಾನೂನಿನ ಪ್ರಶ್ನೆ. ಕಟ್ಟುವುದು ಶ್ರಾವಕನಿಗೆ ಯೋಗ್ಯವೇ, ಯೋಗ್ಯವಾದರೆ ಯಾವ ಮಿತಿಯೊಳಗೆ ಎಂಬುದು ಧರ್ಮದ ಪ್ರಶ್ನೆ. ಈ ಎರಡನೆಯದನ್ನು ಕುರಿತು ವಿಚಾರ ಮಾಡಲು ನನಗೆ ವಿಶೇಷ ಕಾರಣವಿದೆ. ನಾನೂ ಅಂತಹ ಒಂದು ಮನೆಯನ್ನು ಕಟ್ಟಿಸಿದವನೇ.

1998ರ ದಶಲಕ್ಷಣ ಪರ್ವದಲ್ಲಿ, ಉತ್ತಮ ಆಕಿಂಚನ್ಯದ ದಿನ, ನಾನು ಬಸದಿಯಲ್ಲಿ ಪರಿಗ್ರಹ ಪರಿಮಾಣವನ್ನು ಸ್ವೀಕರಿಸಿದೆನು. ವಾಸಕ್ಕೆ ಒಂದು ಮನೆ, ವ್ಯಾಪಾರಕ್ಕೆ ಒಂದು ಅಂಗಡಿ; ಅದಕ್ಕೆ ಮೀರಿದ ವಾಸ್ತು ಬೇಡವೆಂದು ಸಂಕಲ್ಪ. 2017ರಲ್ಲಿ, ಮಗನು ಬೆಂಗಳೂರಿನಲ್ಲಿ ನೆಲೆ ನಿಂತ ಮೇಲೆ, ನಾಲ್ಕು ಗುಂಟೆಯ ನಮ್ಮ ನಿವೇಶನದ ಹಿಂಭಾಗದಲ್ಲಿ ಕೆಳಗೊಂದು ಮೇಲೊಂದು ಎಂದು ಎರಡು ಬಾಡಿಗೆ ಮನೆ ಕಟ್ಟಿಸಿದೆನು. ಪರವಾನಿಗೆ ಇತ್ತು, ಬಿಡಬೇಕಾದಷ್ಟು ತೆರವು ಜಾಗವನ್ನೂ ಬಿಟ್ಟಿದ್ದೆ. ವ್ರತದ ನೆನಪಾಗಲಿಲ್ಲವೇ ಎಂದು ಕೇಳಬಹುದು. ಆಯಿತು. ಆದರೆ ನಿವೇಶನ ಅದೇ, ಉತಾರ ಅದೇ, ಕಂಪೌಂಡು ಅದೇ. ಆದ್ದರಿಂದ ಮನೆಯೂ ಒಂದೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆನು.

ಈ ಸಮಾಧಾನ ಹೊಸದಲ್ಲವೆಂಬುದು ಮುಂದೆ ಶ್ರಾವಕಾಚಾರ ಗ್ರಂಥಗಳನ್ನು ಓದುವಾಗ ತಿಳಿಯಿತು. ಹನ್ನೆರಡನೆಯ ಶತಮಾನದ ಹೇಮಚಂದ್ರ ಆಚಾರ್ಯರು ಯೋಗಶಾಸ್ತ್ರದಲ್ಲಿ ಇದೇ ವ್ರತದ ಅತಿಚಾರವನ್ನು ವಿವರಿಸುತ್ತ ‘ಯೋಜನ’ ಎಂಬ ಮಾತನ್ನು ಬಳಸುತ್ತಾರೆ. ಒಂದೇ ಮನೆ ಸಾಕೆಂದು ವ್ರತ ಹಿಡಿದವನು ಪಕ್ಕದ ಮನೆಯನ್ನೂ ಕೊಂಡು, ನಡುವಿನ ಗೋಡೆಯನ್ನು ತೆಗೆಸಿ, ಈಗಲೂ ನನಗಿರುವುದು ಒಂದೇ ಮನೆ ಎನ್ನುತ್ತಾನೆ. ಸಂಖ್ಯೆ ಉಳಿಯಿತು, ವ್ರತ ಉಳಿಯಲಿಲ್ಲ. ಅವರು ಶ್ವೇತಾಂಬರ ಪರಂಪರೆಯ ಆಚಾರ್ಯರು, ನಾನು ದಿಗಂಬರ. ಆದರೆ ಮನಸ್ಸು ತನ್ನನ್ನು ತಾನೇ ವಂಚಿಸಿಕೊಳ್ಳುವ ರೀತಿಯಲ್ಲಿ ಪಂಥಭೇದವಿಲ್ಲ. ಅವನು ಗೋಡೆ ತೆಗೆದು ಎರಡನ್ನು ಒಂದು ಮಾಡಿದ. ನಾನು ಗೋಡೆ ಎಬ್ಬಿಸಿ ಮೂರನ್ನು ಒಂದೆಂದೆ. ಅಳತೆಗೋಲು ಕೈಯಲ್ಲಿದ್ದವನಿಗೆ ಅಳತೆಯ ಅರ್ಥವನ್ನು ಬದಲಿಸುವುದು ಸುಲಭ. ವ್ಯಾಪಾರಿಗಳಾದ ನಮಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ.

ಇಷ್ಟು ನನ್ನ ಆತ್ಮದ ಲೆಕ್ಕ. ಇನ್ನು ನೆರೆಯವರ ಲೆಕ್ಕ.

ನಮ್ಮ ಹಿತ್ತಿಲಿನ ಪಡುವಣ ಗಡಿಗೆ ನಿವೃತ್ತ ಮಾಸ್ತರರೊಬ್ಬರ ಮನೆ. ಅವರ ಪತ್ನಿಯೂ ಶಾಲೆಯಲ್ಲಿ ಕಲಿಸಿದವರು. ಓಣಿಗೆಲ್ಲ ಅವರು ಅಕ್ಕೋರು. ನಾವು ಜೈನರು, ಅವರು ಬ್ರಾಹ್ಮಣರು. ಮೂವತ್ತು ವರ್ಷಗಳ ನೆರೆತನ. ನಮ್ಮ ಬಾವಿ ಏಪ್ರಿಲ್ ತಿಂಗಳಲ್ಲಿ ತಳ ಕಾಣುತ್ತದೆ, ಅವರದು ಬತ್ತುವುದಿಲ್ಲ. ಮುನಿಸಂಘವು ವಿಹಾರದಲ್ಲಿ ಈ ಕಡೆಗೆ ಬಂದಾಗಲೆಲ್ಲ ಆಹಾರದ ಅಡುಗೆಗೆ ಬೇಕಾದ ಬಾವಿಯ ನೀರನ್ನು ನನ್ನ ಮನೆಯಾಕೆ ಅವರಲ್ಲಿಂದಲೇ ಸೇದಿ, ಬಟ್ಟೆಯಲ್ಲಿ ಸೋಸಿ, ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಟ್ಟು ತರುತ್ತಿದ್ದಳು. ಅಕ್ಕೋರು ಅದನ್ನು ನೋಡುತ್ತ ನಿಲ್ಲುತ್ತಿದ್ದರು. ಹಗ್ಗ ಹಳೆಯದಾಗಿದ್ದರೆ ಹೊಸ ಹಗ್ಗ ತಂದು ಕೊಡುತ್ತಿದ್ದರು.

ಹಿತ್ತಿಲ ಮನೆ ಎದ್ದ ಮರುವರ್ಷ, 2018ರ ಬೇಸಿಗೆಯಲ್ಲಿ, ಅಕ್ಕೋರು ಬೇಲಿಯ ಬಳಿ ನಿಂತು, “ಸಾಹುಕಾರರೆ, ಈಗ ನಮ್ಮ ಅಂಗಳಕ್ಕೆ ಬಿಸಿಲು ಬರುವಾಗ ಹತ್ತೂವರೆ ಆಗುತ್ತದೆ. ಹಲಸಿನ ಹಪ್ಪಳ ಒಂದೇ ದಿನಕ್ಕೆ ಒಣಗುವುದಿಲ್ಲ” ಎಂದರು. ದೂರುವ ಧ್ವನಿಯಾಗಿರಲಿಲ್ಲ, ಹವೆಯ ವಿಚಾರ ಹೇಳಿದಂತಿತ್ತು. ನಾನು ನಕ್ಕು ಸುಮ್ಮನಾದೆನು. ಆ ವರ್ಷದ ಮಳೆಗಾಲ ಮುಗಿದ ಮೇಲೆ ಮುನಿಗಳು ಬರುವ ಸುದ್ದಿ ಬಂದಿತು. ನನ್ನ ಮನೆಯಾಕೆ ಕೊಡ ಹಿಡಿದು ಹೋದಾಗ ಅಕ್ಕೋರು ತಡೆದು, “ತಂಗೀ, ಈ ನೀರು ಮುನಿಗಳಿಗೆ ಬೇಡ. ನಾವೂ ಕುಡಿಯಲಿಕ್ಕೆ ಬಳಸುತ್ತಿಲ್ಲ” ಎಂದರಂತೆ. ನೀರನ್ನು ಪರೀಕ್ಷೆ ಮಾಡಿಸಿದ್ದರು. ಕುಡಿಯಲು ಯೋಗ್ಯವಲ್ಲವೆಂದು ಬಂದಿತ್ತು. ಕಾರಣವನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನನ್ನ ಬಾಡಿಗೆ ಮನೆಗಳ ಶೌಚದ ಇಂಗುಗುಂಡಿ ಅವರ ಬಾವಿಯಿಂದ 28 ಅಡಿ ದೂರದಲ್ಲಿತ್ತು.

ಭಾರತೀಯ ಮಾನಕ ಸಂಸ್ಥೆಯ ನಿಯಮದಂತೆ ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರವಿರಬೇಕು. ನಮ್ಮದು ಕೆಂಪುಕಲ್ಲಿನ ನೆಲ, ಸಂದುಗಳುಳ್ಳದ್ದು. ಮಳೆಗಾಲದಲ್ಲಿ ಬಾವಿಯ ನೀರು ಕೈಗೆಟಕುವಷ್ಟು ಮೇಲೆ ಬರುತ್ತದೆ. ಗುಂಡಿಯ ನೀರು ಮತ್ತು ಬಾವಿಯ ನೀರು ಆಗ ಒಂದೇ ಮಟ್ಟದಲ್ಲಿ ಸಂಧಿಸುತ್ತವೆ. ಕಟ್ಟುವಾಗ ಮೇಸ್ತ್ರಿಯು ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂದಿದ್ದ. ನಾನೂ ಕೇಳಲಿಲ್ಲ. ನೀರನ್ನು ಸೋಸಿ ಕುಡಿಯುವ ಕುಲದಲ್ಲಿ ಹುಟ್ಟಿ, ಸೂಕ್ಷ್ಮ ಜೀವಗಳನ್ನು ಬಾವಿಗೆ ಮರಳಿ ಬಿಡುವ ಆಚಾರವನ್ನು ಪಾಲಿಸುತ್ತ, ಅದೇ ಬಾವಿಗೆ ನಾನು ಏನನ್ನು ಕಳುಹಿಸುತ್ತಿದ್ದೆನೆಂಬುದನ್ನು ವಾಚಕರು ವಿಚಾರ ಮಾಡಬೇಕು.

ನಾನು ವಾಣಿಜ್ಯ ಪದವಿಯ ವಿದ್ಯಾರ್ಥಿಯಾಗಿದ್ದಾಗ ಮೊದಲು ಕಲಿತ ಪಾಠವೆಂದರೆ, ಒಂದು ಕಡೆ ಜಮೆಯಾದದ್ದು ಇನ್ನೊಂದು ಕಡೆ ಖರ್ಚು ಬಿದ್ದೇ ತೀರಬೇಕೆಂಬುದು. ಬಾಡಿಗೆಯ ಹಣವು ಪ್ರತಿ ತಿಂಗಳು ನನ್ನ ಪುಸ್ತಕದಲ್ಲಿ ಜಮೆಯಾಗುತ್ತಿತ್ತು. ಅದರ ಎದುರಿನ ಖರ್ಚನ್ನು ಸಿಮೆಂಟು, ಕಬ್ಬಿಣ, ಕೂಲಿ ಎಂದು ಬರೆದಿದ್ದೆನು. ಆದರೆ ಬಿಸಿಲಿನ ಖರ್ಚು ಮಾಸ್ತರರ ಪುಸ್ತಕದಲ್ಲಿ ಬಿದ್ದಿತ್ತು, ನೀರಿನ ಖರ್ಚೂ ಅಲ್ಲಿಯೇ. ಮಳೆಯ ಮಾತನ್ನೂ ಇಲ್ಲಿ ಹೇಳಬೇಕು. ನಮ್ಮ ಸೀಮೆಯಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. 600 ಚದರ ಅಡಿಯ ಮಾಡಿನ ಮೇಲೆ ಅಷ್ಟು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಅಧಿಕ ನೀರಾಗುತ್ತದೆ. ಮೊದಲು ಹಿತ್ತಿಲಿನ ಮಣ್ಣು ಅದನ್ನು ಕುಡಿಯುತ್ತಿತ್ತು. ಈಗ ಸೂರಿನಿಂದ ಇಳಿದು ಗಡಿಯ ಆಚೆಗೆ ಹರಿಯುತ್ತಿತ್ತು. ಇದೂ ಅವರ ಪುಸ್ತಕಕ್ಕೇ.

ಕಾನೂನು ಇವುಗಳಲ್ಲಿ ಕೆಲವನ್ನು ಕಾಣುತ್ತದೆ, ಕೆಲವನ್ನು ಕಾಣುವುದಿಲ್ಲ. 1882ರ ಈಸ್‌ಮೆಂಟ್ ಕಾಯ್ದೆಯು ಕಟ್ಟಡವೊಂದಕ್ಕೆ 20 ವರ್ಷ ಅಡೆತಡೆಯಿಲ್ಲದೆ, ಶಾಂತವಾಗಿ, ಹಕ್ಕೆಂಬಂತೆ ಒದಗಿಬಂದ ಬೆಳಕು-ಗಾಳಿಗಳನ್ನು ಹಕ್ಕಾಗಿ ಮನ್ನಿಸುತ್ತದೆ. ಆದರೆ ತೆರೆದ ಅಂಗಳದ ಬಿಸಿಲಿಗೆ, ಹಪ್ಪಳ ಒಣಗುವ ಚಾಪೆಗೆ ಅದರಲ್ಲಿ ಹೆಚ್ಚಿನ ಆಸರೆ ಸಿಗಲಾರದು. ಕಾನೂನಿಗೆ ಮಿತಿಯಿರುವುದು ಸಹಜ. ಅದು ಬಿಟ್ಟ ಸ್ಥಳದಿಂದಲೇ ವ್ರತವು ಆರಂಭವಾಗುತ್ತದೆ.

ಇಲ್ಲಿ ಅಚೌರ್ಯ ವ್ರತದ ಒಂದು ವಿಚಾರ ಗಮನಾರ್ಹವಾಗಿದೆ. ಕೊಡದಿರುವುದನ್ನು ತೆಗೆದುಕೊಳ್ಳುವುದು ಕಳವು ಎಂಬುದು ಎಲ್ಲರಿಗೂ ತಿಳಿದ ಲಕ್ಷಣ. ತತ್ತ್ವಾರ್ಥಸೂತ್ರವು ಈ ವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲ ಮೂರು ವಾಸಸ್ಥಾನಕ್ಕೆ ಸಂಬಂಧಿಸಿದವು. ಮೂರನೆಯದು ಪರೋಪರೋಧಾಕರಣ, ಅಂದರೆ ತಾನಿರುವ ಸ್ಥಳದಲ್ಲಿ ಇತರರಿಗೆ ಅಡ್ಡಿಯಾಗದಿರುವುದು. ಇದನ್ನು ಮುಖ್ಯವಾಗಿ ಮುನಿಗಳಿಗಾಗಿ ಹೇಳಿರುವುದು ನಿಜ. ಆದರೂ ಅಡ್ಡಿಪಡಿಸುವುದನ್ನು ಆಚಾರ್ಯರು ಹಿಂಸೆಯ ಪ್ರಕರಣದಲ್ಲಿಡದೆ ಕಳವಿನ ಪ್ರಕರಣದಲ್ಲಿ ಇಟ್ಟಿರುವುದನ್ನು ಶ್ರಾವಕರು ಮನನ ಮಾಡಬೇಕು. ನೆರೆಯವನ ಬಿಸಿಲನ್ನು ತಡೆದವನು ಯಾವ ವಸ್ತುವನ್ನೂ ತನ್ನ ಮನೆಗೆ ಒಯ್ಯಲಿಲ್ಲ. ಆದರೂ ನೆರೆಯವನ ಬಳಿ ಇದ್ದದ್ದು ಈಗ ಇಲ್ಲ.

ಇಷ್ಟನ್ನು ಹೇಳಿದ ಮಾತ್ರಕ್ಕೆ ಹಿತ್ತಿಲ ಮನೆಯನ್ನು ಸಾರಾಸಗಟಾಗಿ ಖಂಡಿಸುವುದು ನ್ಯಾಯವಾಗದು. ನಮ್ಮ ದರ್ಶನವು ಒಂದೇ ಮಗ್ಗುಲನ್ನು ನೋಡಿ ತೀರ್ಪು ಕೊಡಲು ಒಪ್ಪುವುದಿಲ್ಲ. ಶಿರಸಿಯ ಕಾಲೇಜುಗಳಿಗೆ, ಆಸ್ಪತ್ರೆಗಳಿಗೆ, ಅಡಿಕೆ ಪೇಟೆಗೆ ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಿಂದ ಬಂದು ನೆಲೆಸುವವರು ಎಷ್ಟೋ ಮಂದಿ. 1923ರಲ್ಲಿ ತೋಟಗಾರರ ಸೇಲ್ ಸೊಸೈಟಿ ಹುಟ್ಟಿದ ಕಾಲದ ಪೇಟೆಯಲ್ಲ ಇದು. ಹೊಸ ಶಿಕ್ಷಕಿ, ದಾದಿ, ಅಂಗಡಿಯ ಗುಮಾಸ್ತ, ಇವರು ನಿವೇಶನ ಕೊಂಡು ಮನೆ ಕಟ್ಟಿಸಲು ಶಕ್ತರಲ್ಲ. ಇವರಿಗೆ ಸೂರು ದೊರೆಯುವುದು ಹೆಚ್ಚಾಗಿ ಇಂತಹ ಹಿತ್ತಿಲುಗಳಲ್ಲಿಯೇ. ಮಕ್ಕಳು ದೂರವಾದ ಮೇಲೆ ಇಬ್ಬರೇ ಉಳಿದ ವೃದ್ಧರಿಗೆ ಹಿತ್ತಿಲಲ್ಲಿ ಒಂದು ಸಂಸಾರವಿದ್ದರೆ ರಾತ್ರಿ ಕರೆದರೆ ಓಗೊಡುವವರಿರುತ್ತಾರೆ. ಅಹಿಂಸೆಯ ದೃಷ್ಟಿಯಿಂದಲೂ ಒಂದು ಮಾತಿದೆ. ಉತ್ತರ ಕನ್ನಡವು ಬಹುಭಾಗ ಕಾಡಿನ ಜಿಲ್ಲೆ. ಊರು ಹೊರಕ್ಕೆ ಬೆಳೆದಷ್ಟೂ ಬೆಟ್ಟ ಸವೆಯುತ್ತದೆ, ಮರ ಉರುಳುತ್ತದೆ, ಅವುಗಳನ್ನು ಆಶ್ರಯಿಸಿದ ಅಸಂಖ್ಯ ಜೀವಗಳು ಅಳಿಯುತ್ತವೆ. ಈಗಾಗಲೇ ಊರಾಗಿರುವ ನೆಲದಲ್ಲಿ ಇನ್ನೊಂದು ಸಂಸಾರಕ್ಕೆ ಎಡೆ ಮಾಡಿಕೊಟ್ಟರೆ ಅಷ್ಟು ಆರಂಭ ಹಿಂಸೆ ಕಡಿಮೆಯಾಗುತ್ತದೆ.

ಈ ಚರ್ಚೆ ನಮ್ಮ ಊರಿಗಷ್ಟೇ ಸೀಮಿತವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಮನೆಗಳ ತೀವ್ರ ಅಭಾವದಿಂದಾಗಿ 2016 ಮತ್ತು 2019ರಲ್ಲಿ ಮಾಡಿದ ಕಾಯ್ದೆಗಳ ಮೂಲಕ ಹಿತ್ತಿಲ ಮನೆಗಳಿಗೆ ಅನುಮತಿಯನ್ನು ಸರಳಗೊಳಿಸಿತು. 800 ಚದರ ಅಡಿಯವರೆಗಿನ, 16 ಅಡಿ ಎತ್ತರದ ಮನೆಯನ್ನು ಗಡಿಯಿಂದ ನಾಲ್ಕು ಅಡಿ ಬಿಟ್ಟು ಕಟ್ಟುವುದನ್ನು ಸ್ಥಳೀಯ ಆಡಳಿತ ತಡೆಯುವಂತಿಲ್ಲವೆಂದಾಯಿತು. ವಸತಿಯಿಲ್ಲದವರಿಗೆ ಅದರಿಂದ ಉಪಕಾರವಾಯಿತು. ತಮ್ಮ ಅಂಗಳದ ಏಕಾಂತ ಹೋಯಿತು, ಬೀದಿಯಲ್ಲಿ ವಾಹನ ನಿಲ್ಲಿಸಲು ಸ್ಥಳವಿಲ್ಲವೆಂದು ನೆರೆಯವರು ಕೊರಗುವುದೂ ಅಲ್ಲಿ ಉಂಟು. ಎರಡು ಕಡೆಯ ಮಾತೂ ಸತ್ಯ. ಕಾಯ್ದೆಯು ಅಡಿಗಳನ್ನು ಅಳೆದು ಕೊಡಬಲ್ಲದು. ಆ ಅಡಿಗಳ ಆಚೆ ಯಾರಿದ್ದಾರೆಂದು ನೋಡುವುದು ಕಟ್ಟುವವನ ಕೆಲಸ.

ಬಾಡಿಗೆದಾರರ ವಿಷಯದಲ್ಲಿಯೂ ನಮ್ಮವರಿಗೆ ಒಂದು ಮಾತು ಹೇಳಬೇಕಾಗಿದೆ, ಕಹಿಯಾದರೂ ಸರಿ. ತನ್ನ ಆವರಣದಲ್ಲಿ ಮಾಂಸದ ಅಡುಗೆ ಬೇಡವೆಂದು ಶ್ರಾವಕನು ಮೊದಲೇ ತಿಳಿಸಿ ಕೇಳಿಕೊಳ್ಳುವುದು ಅವನ ಅಹಿಂಸಾ ವ್ರತಕ್ಕೆ ಸಂಬಂಧಿಸಿದ್ದೆಂದು ಒಪ್ಪಬಹುದು. ಆದರೆ ಮನೆ ಕೇಳಿ ಬಂದವನ ಜಾತಿಯನ್ನು ಕೇಳಿ ಬಾಗಿಲು ಮುಚ್ಚುವುದು ಯಾವ ವ್ರತಕ್ಕೂ ಸಂಬಂಧಿಸಿದ್ದಲ್ಲ. ಸಮಂತಭದ್ರ ಆಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನವನ್ನು ಕೆಡಿಸುವ ಎಂಟು ಮದಗಳಲ್ಲಿ ಜಾತಿಮದವನ್ನೂ ಕುಲಮದವನ್ನೂ ಎಣಿಸಿದ್ದಾರೆ. ಆಹಾರದ ಪ್ರಶ್ನೆಯ ಮುಸುಕಿನಲ್ಲಿ ಜಾತಿಯ ಪ್ರಶ್ನೆಯನ್ನು ಕೇಳುವವರು ನಮ್ಮಲ್ಲಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಶಿರಸಿಯಿಂದ ಅನತಿದೂರದ ಸೋದೆಯ ಪರಿಸರದಲ್ಲಿ ಸ್ವಾದಿಯ ಜೈನ ಮಠ, ವಾದಿರಾಜ ಮಠ, ಸ್ವರ್ಣವಲ್ಲಿ ಮಠ ಮೂರೂ ಇವೆ. ಸಿದ್ಧಾಂತದಲ್ಲಿ ಒಂದನ್ನೊಂದು ಖಂಡಿಸಿದ ಮೂರು ಪರಂಪರೆಗಳು ಒಂದೇ ಕಾಡಿನ ನೆರಳಿನಲ್ಲಿ ಶತಮಾನಗಳಿಂದ ನೆರೆಹೊರೆಯಾಗಿ ಬಾಳಿವೆ. ಆ ಸೀಮೆಯವರಾದ ನಮಗೆ ನೆರೆತನದ ಪಾಠವನ್ನು ಹೊರಗಿನಿಂದ ಕಲಿಯಬೇಕಾದ ಅಗತ್ಯವಿಲ್ಲ.

ನಾನು ಮಾಡಿದ ಪ್ರಾಯಶ್ಚಿತ್ತವನ್ನು ಹೇಳುತ್ತೇನೆ. ಇದು ಹೊಗಳಿಕೆಗಾಗಿ ಅಲ್ಲ. ಅದು ಅಪೂರ್ಣವೆಂಬುದೇ ಹೇಳಬೇಕಾದ ವಿಷಯ. 2019ರ ಮಳೆಗಾಲಕ್ಕೆ ಮೊದಲು ಹಳೆಯ ಗುಂಡಿಯನ್ನು ಖಾಲಿ ಮಾಡಿಸಿ ಮುಚ್ಚಿಸಿದೆನು. ಕೊಳವೆಯನ್ನು ಮನೆಯ ಮಗ್ಗುಲಿನಿಂದ ಎದುರಿಗೆ ತಂದು, ರಸ್ತೆಯ ಬದಿಯಲ್ಲಿ, ಯಾರ ಬಾವಿಯಿಂದಲೂ 60 ಅಡಿಗೆ ಕಡಿಮೆಯಾಗದಂತೆ ಹೊಸ ಗುಂಡಿ ತೆಗೆಸಿದೆನು. ಒಂದು ವರ್ಷದ ಬಾಡಿಗೆಯೆಲ್ಲ ಅದಕ್ಕೆ ಸಂದಿತು. ಸೂರಿಗೆ ದೋಣಿ ಕಟ್ಟಿಸಿ ನೀರನ್ನು ನಮ್ಮದೇ ಬಾವಿಯ ಬದಿಗೆ ಇಂಗಿಸಿದೆನು. ಮಾಸ್ತರರ ಬಚ್ಚಲಿನತ್ತ ತೆರೆಯುತ್ತಿದ್ದ ಮೇಲಿನ ಕಿಟಕಿಯನ್ನು ಮುಚ್ಚಿಸಿ ಎತ್ತರದಲ್ಲಿ ಗವಾಕ್ಷಿ ಇಡಿಸಿದೆನು. ಮಾಸ್ತರರ ಬಾವಿಯನ್ನು ಬರಿದು ಮಾಡಿ ಶುದ್ಧಗೊಳಿಸಿದೆವು. ಎರಡು ಮಳೆಗಾಲ ಕಳೆದು ಮತ್ತೆ ಪರೀಕ್ಷೆ ಮಾಡಿಸಿದಾಗ ನೀರು ಯೋಗ್ಯವೆಂದು ಬಂದಿತು.

ಆದರೆ ಬಿಸಿಲನ್ನು ಮರಳಿ ಕೊಡಲು ನನ್ನಿಂದಾಗಲಿಲ್ಲ. ಮೇಲಿನ ಮನೆಯನ್ನು ಕೆಡವಬಹುದಾಗಿತ್ತು. ಅಲ್ಲಿ ಆಸ್ಪತ್ರೆಯಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ತನ್ನ ಚಿಕ್ಕ ಮಗುವಿನೊಂದಿಗೆ ಇದ್ದಾಳೆ. ನನ್ನ ತಪ್ಪನ್ನು ತಿದ್ದುವ ಸಲುವಾಗಿ ಅವಳನ್ನು ಬೀದಿಗೆ ಕಳುಹಿಸಿದರೆ ಒಂದು ಅಡ್ಡಿಯನ್ನು ಕಳೆದು ಇನ್ನೊಂದನ್ನು ಮಾಡಿದಂತಾಗುತ್ತದೆ. ಕಟ್ಟುವ ಮೊದಲು ಒಂದು ಮಾತು ಕೇಳಿದ್ದರೆ ಸುಲಭವಾಗಿ ತಪ್ಪಿಸಬಹುದಾಗಿದ್ದ ದೋಷವು ಕಟ್ಟಿದ ಮೇಲೆ ಹೀಗೆ ಬಿಡಿಸಲಾಗದ ಗಂಟಾಗುತ್ತದೆ. ವ್ರತಭಂಗದ ಮಾತೂ ಹಾಗೆಯೇ ಉಳಿದಿದೆ. ಆ ಎರಡು ಮನೆಗಳ ಬಾಡಿಗೆಯನ್ನು ನನ್ನ ಸಂಸಾರಕ್ಕೆ ಬಳಸುವುದನ್ನು ಬಿಟ್ಟು ವಿದ್ಯಾದಾನ, ಔಷಧದಾನಗಳಿಗೆ ಮೀಸಲಿಟ್ಟಿದ್ದೇನೆ. ಇದರಿಂದ ಸಂಖ್ಯೆ ಮೂರು ಇದ್ದದ್ದು ಒಂದಾಗುವುದಿಲ್ಲವೆಂಬ ಅರಿವು ನನಗಿದೆ. ಒಮ್ಮೆ ‘ಯೋಜನ’ದ ಜಾಣತನ ಮಾಡಿದವನು ಎರಡನೆಯ ಸಲ ಮಾಡಬಾರದು.

ಆ ವರ್ಷದ ಕ್ಷಮಾವಣಿಯ ದಿನ ಮಾಸ್ತರರ ಮನೆಗೆ ಹೋಗಿ ಕೈಮುಗಿದು ಕ್ಷಮೆ ಕೇಳಿದೆನು. ಅವರು ಚಾಪೆ ಹಾಸಿ ಕುಳ್ಳಿರಿಸಿ, “ಗುಂಡಿ ದೂರ ಹೋಯಿತಲ್ಲ ಸಾಹುಕಾರರೆ, ಅಷ್ಟು ಸಾಕು. ಬಿಸಿಲಿನ ಮಾತು ಬಿಡಿ” ಎಂದರು. ಅಕ್ಕೋರು ಏನೂ ಅನ್ನದೆ ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟರು. ಅಂದಿನಿಂದ ಪ್ರತಿ ಬೇಸಿಗೆಯಲ್ಲಿ ಅವರ ಹಲಸಿನ ಹಪ್ಪಳದ ಚಾಪೆಗಳು ನಮ್ಮ ಎದುರಿನ ಅಂಗಳದಲ್ಲಿ ಹಾಸುತ್ತವೆ. ಮಳೆಯ ಮೋಡ ಕಂಡರೆ ಎತ್ತಿಡುವ ಕೆಲಸ ಮೇಲಿನ ಮನೆಯ ಮಗುವಿನದು.

ಧರ್ಮಬಾಂಧವರಲ್ಲಿಯೂ ಬಸದಿಗಳ ಟ್ರಸ್ಟಿನವರಲ್ಲಿಯೂ ನನ್ನ ವಿನಂತಿ ಇಷ್ಟೇ. ಹಿತ್ತಿಲಿನಲ್ಲಿ ಕಟ್ಟಬೇಕೆಂದಾಗ ನಕ್ಷೆಯನ್ನು ಕಚೇರಿಗೆ ಒಯ್ಯುವ ಮೊದಲು ನೆರೆಮನೆಗೆ ಒಯ್ಯೋಣ. ಅವರ ಬಾವಿ ಎಲ್ಲಿದೆ, ಬಿಸಿಲು ಯಾವ ದಿಕ್ಕಿನಿಂದ ಬರುತ್ತದೆ, ಹೆಂಗಸರು ಸ್ನಾನ ಮಾಡುವ ಸ್ಥಳ ಎತ್ತ ಎಂಬುದನ್ನು ಅವರ ಬಾಯಿಂದಲೇ ಕೇಳೋಣ. ಗುಂಡಿಯ ಅಂತರ ಸಾಲದ ನಿವೇಶನದಲ್ಲಿ ಮನೆಯನ್ನೇ ಕಟ್ಟದಿರೋಣ. ಒಂದೇ ಅಂತಸ್ತು ಸಾಕಾದಲ್ಲಿ ಎರಡನೆಯದನ್ನು ಆಶಿಸದಿರೋಣ. ಬಸದಿಯ ಹಿಂದಿನ ಜಾಗದಲ್ಲಿ ಆದಾಯಕ್ಕಾಗಿ ಬಾಡಿಗೆ ಕೋಣೆಗಳನ್ನು ಕಟ್ಟುವ ಟ್ರಸ್ಟುಗಳಿಗೆ ಈ ಹೊಣೆ ಇಮ್ಮಡಿಯಾಗಿದೆ. ಅಲ್ಲಿ ಆಗುವ ಅಡ್ಡಿಯು ಜಿನೇಶ್ವರರ ಹೆಸರಿನಲ್ಲಿ ಆಗುತ್ತದೆ. ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ಏಳಬಾರದೆಂದು 2010ರಲ್ಲಿ ತಿದ್ದುಪಡಿಯಾದ ಕೇಂದ್ರದ ಕಾಯ್ದೆ ಹೇಳುತ್ತದೆ. ಕಲ್ಲಿನ ಗೋಡೆಗೆ ಅಷ್ಟು ಗಾಳಿ-ಬೆಳಕು ಬೇಕೆಂದು ಒಪ್ಪುವ ನಾವು, ಜೀವಂತ ನೆರೆಯವನಿಗೆ ಬೇಕಾದ ಹತ್ತು ಅಡಿಯ ವಿಚಾರದಲ್ಲಿ ಜಗ್ಗಾಡಬಾರದು.

ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ಸೂತ್ರವನ್ನು ನಾವು ಲಾಂಛನದ ಅಡಿಯಲ್ಲಿ ಬರೆಸುತ್ತೇವೆ, ಲಗ್ನಪತ್ರಿಕೆಯ ಮೇಲೆಯೂ ಮುದ್ರಿಸುತ್ತೇವೆ. ಅದರ ಮೊದಲ ಪರೀಕ್ಷೆ ಹಿತ್ತಿಲಿನ ಬೇಲಿಯ ಬಳಿ ನಡೆಯುತ್ತದೆ. ಆ ಪರೀಕ್ಷೆಯಲ್ಲಿ ನಾನು ಮೊದಲ ಸಲ ಉತ್ತೀರ್ಣನಾಗಲಿಲ್ಲ. ಈ ಲೇಖನವನ್ನು ಓದಿದವರು ಕಟ್ಟುವ ಮೊದಲೇ ಬೇಲಿಯವರೆಗೆ ನಡೆದು ಹೋಗಿ ಮಾತನಾಡಲಿ.